ಕೈಬಿಡದ ಮೊಲ, ಬಿಟ್ಟುಕೊಟ್ಟ ಸಂಸಾರ

'ತಾನು ಹಿಡಿದ ಮೊಲಕ್ಕೆ ಮೂರೇ ಕಾಲು' ಎಂದು ವಾದಿಸುವ ಹಟಮಾರಿಯನ್ನು ಕಂಡು ನಗದವರಾರು? ಆದರೆ ತನ್ನ ಮೊಲವನ್ನು ಯಾರಿಗೂ ಕೊಡೆನೆಂದು ಹಟ ಹಿಡಿದುದರಿಂದಲೇ ಕುಬೇರನಾದವನೊಬ್ಬ ಅಮೆರಿಕದಲ್ಲಿದ್ದಾನೆ. ಆತನದು ಕಾಗದದ ಮೇಲಿನ ಮೊಲ. ಅದರ ಮರಿಗೆ ಇದ್ದುದು ಒಂದೇ ಕಿವಿ! ಇದಕ್ಕಿಂತಲೂ ವಿನೋದದ ಸಂಗತಿಯೆಂದರೆ, ಆತನಿಗೆ ಐಶ್ವರ್ಯ ತಂದುಕೊಟ್ಟುದು ಆ ಮೊಲವಲ್ಲ. ಮೊಲವನ್ನು ಉಳಿಸಿಕೊಳ್ಳುವ ಸಲುವಾಗಿ ಆತ ಕಾಲು ಗಂಟೆಯಲ್ಲಿ ಗೀಚಿಕೊಟ್ಟ ಒಂದು ಸಂಸಾರ.

ಆತನ ಹೆಸರು ಮ್ಯಾಟ್ ಗ್ರೇನಿಂಗ್. ಆ ಸಂಸಾರದ ಹೆಸರು ಸಿಂಪ್ಸನ್. ಹಳದಿ ಮೈ, ಗುಂಡು ಕಣ್ಣು, ಕೈಗೆ ನಾಲ್ಕೇ ಬೆರಳುಗಳುಳ್ಳ ಈ ಕುಟುಂಬವನ್ನು ಟೆಲಿವಿಷನ್ನಿನಲ್ಲಿ ಕಾಣದ ದೇಶಗಳು ಕಡಿಮೆ. ಅಣುವಿದ್ಯುತ್ ಸ್ಥಾವರದಲ್ಲಿ ತೂಕಡಿಸುವ ತಂದೆ ಹೋಮರ್. ನೀಲಿ ಕೂದಲನ್ನು ಗೋಪುರದಂತೆ ಕಟ್ಟಿಕೊಂಡು ಸಂಸಾರದ ಭಾರ ಹೊತ್ತಿರುವ ತಾಯಿ ಮಾರ್ಜ್. ಹತ್ತು ವರ್ಷದ ತುಂಟ ಬಾರ್ಟ್. ಸ್ಯಾಕ್ಸೊಫೋನ್ ಊದುವ ಜಾಣೆ ಲೀಸಾ. ಬಾಯಿಂದ ನಿಪ್ಪಲ್ ತೆಗೆಯದ ಹಸುಗೂಸು ಮ್ಯಾಗಿ. ೧೯೮೯ರಲ್ಲಿ ಹತ್ತು ವರ್ಷದವನಾಗಿದ್ದ ಬಾರ್ಟನಿಗೆ ಇಂದಿಗೂ ಹತ್ತೇ ವರ್ಷ. ಬರೆದ ಚಿತ್ರಕ್ಕೆ ಮುಪ್ಪಿಲ್ಲ. ಅದು ಗಳಿಸುವ ಹಣಕ್ಕೂ ಮುಪ್ಪಿಲ್ಲ.

ಆ ಹಣ ಯಾರದು? ಬರೆದವನದೋ, ಬರೆಸಿದವನದೋ? ಗ್ರೇನಿಂಗನ ಜೀವನಚರಿತ್ರೆಯ ತಿರುಳೆಲ್ಲ ಈ ಒಂದು ಪ್ರಶ್ನೆಯಲ್ಲಿದೆ.

ಮನೆಯವರೇ ಪಾತ್ರಗಳು

ಅಮೆರಿಕದ ಪಶ್ಚಿಮ ತೀರದ ಆರೆಗಾನ್ ಸಂಸ್ಥಾನದಲ್ಲಿ ಪೋರ್ಟ್‌ಲೆಂಡ್ ಎಂಬ ಪಟ್ಟಣವಿದೆ. ಅಲ್ಲಿ ೧೯೫೪ರ ಫೆಬ್ರವರಿ ೧೫ರಂದು ಮ್ಯಾಟ್ ಹುಟ್ಟಿದ. ಐವರು ಮಕ್ಕಳಲ್ಲಿ ಆತ ಮೂರನೆಯವನು. ತಂದೆ ವ್ಯಂಗ್ಯಚಿತ್ರ ಬರೆಯುತ್ತಿದ್ದ, ಜಾಹೀರಾತು ರಚಿಸುತ್ತಿದ್ದ, ಕಿರುಚಿತ್ರಗಳನ್ನೂ ತೆಗೆಯುತ್ತಿದ್ದ. ತಾಯಿ ಹಿಂದೆ ಉಪಾಧ್ಯಾಯಿನಿಯಾಗಿದ್ದವಳು. ತಂದೆಯ ಹೆಸರು ಹೋಮರ್, ತಾಯಿಯ ಹೆಸರು ಮಾರ್ಗರೆಟ್, ತಂಗಿಯರಿಬ್ಬರು ಲೀಸಾ ಮತ್ತು ಮ್ಯಾಗಿ. ಅವರು ವಾಸವಾಗಿದ್ದ ಬೀದಿ ಎವರ್‌ಗ್ರೀನ್ ಟೆರೇಸ್. ಸಿಂಪ್ಸನ್ನರ ಮನೆಯಿರುವುದೂ ಅದೇ ಹೆಸರಿನ ಬೀದಿಯಲ್ಲಿ! ತಾಯಿಯ ತವರುಮನೆತನದ ಹೆಸರು ವಿಗಮ್; ಅದು ಸ್ಪ್ರಿಂಗ್‌ಫೀಲ್ಡಿನ ಮಂದಬುದ್ಧಿಯ ಪೊಲೀಸ್ ಮುಖ್ಯಾಧಿಕಾರಿಗೆ ದಕ್ಕಿತು. ಮನೆಯವರು ಇದನ್ನೆಲ್ಲ ನಗುತ್ತಲೇ ಸಹಿಸಿಕೊಂಡರೆಂಬುದು ಆ ಮನೆತನದ ದೊಡ್ಡತನ.

ಓದಿದ್ದು ಎವರ್‌ಗ್ರೀನ್ ಸ್ಟೇಟ್ ಕಾಲೇಜಿನಲ್ಲಿ. ಅಂಕಗಳಿಲ್ಲ, ದರ್ಜೆಗಳಿಲ್ಲ, ಕಡ್ಡಾಯದ ಪಾಠಗಳಿಲ್ಲ. ವಿದ್ಯಾರ್ಥಿಯೇ ತನ್ನ ದಾರಿಯನ್ನು ಕಂಡುಕೊಳ್ಳಬೇಕು. ಗ್ರೇನಿಂಗ್ ಅಲ್ಲಿಯ ವಿದ್ಯಾರ್ಥಿಪತ್ರಿಕೆಯ ಸಂಪಾದಕನಾಗಿ, ಅದರಲ್ಲಿಯೇ ವ್ಯಂಗ್ಯಚಿತ್ರ ಬರೆಯುತ್ತ ಕಾಲ ಕಳೆದ. ೧೯೭೭ರಲ್ಲಿ ಪದವಿ ಪಡೆದು, ಬರಹಗಾರನಾಗುವ ಹಂಬಲದಿಂದ ಲಾಸ್ ಏಂಜಲೀಸ್ ನಗರಕ್ಕೆ ಹೊರಟ.

ಮಹಾನಗರ ಆತನನ್ನು ಆರತಿಯೆತ್ತಿ ಸ್ವಾಗತಿಸಲಿಲ್ಲ. ವೃದ್ಧಾಶ್ರಮದಲ್ಲಿ ಪಾತ್ರೆ ತೊಳೆದ. ವಯಸ್ಸಾದ ಸಿನಿಮಾ ನಿರ್ದೇಶಕನೊಬ್ಬನ ಕಾರು ನಡೆಸುತ್ತ ಆತನ ಹೆಸರಿನಲ್ಲಿ ಬರೆದುಕೊಟ್ಟ. ಗ್ರಾಮಫೋನ್ ತಟ್ಟೆಗಳ ಅಂಗಡಿಯೊಂದರಲ್ಲಿ ಗುಮಾಸ್ತೆಯಾದ. ಈ ಬವಣೆಯನ್ನು ಊರಿನ ಸ್ನೇಹಿತರಿಗೆ ತಿಳಿಸಬೇಕಲ್ಲ! ಪತ್ರ ಬರೆದರೆ ಅಳು ಬರುತ್ತದೆ, ಚಿತ್ರ ಬರೆದರೆ ನಗು ಬರುತ್ತದೆ. ಆತ ಚಿತ್ರವನ್ನೇ ಬರೆದ. ಬಿಂಕಿ ಎಂಬ ಸಿಡುಕಿನ ಮೊಲ, ಅದರ ಮಗ ಒಂಟಿಕಿವಿಯ ಬಾಂಗೊ. ಜಗತ್ತೆಲ್ಲ ತನಗೆ ವಿರೋಧವೆಂದು ಗೊಣಗುವ ಆ ಮೊಲದ ಪಾಡು ಗ್ರೇನಿಂಗನದೇ ಪಾಡು. ಚಿತ್ರಮಾಲೆಗೆ 'ಲೈಫ್ ಇನ್ ಹೆಲ್', ಎಂದರೆ ನರಕದ ಬಾಳು, ಎಂದು ಹೆಸರಿಟ್ಟ. ಪುಟಗಳ ನಕಲು ತೆಗೆಸಿ, ಪಿನ್ನು ಚುಚ್ಚಿ, ತಾನು ಕೆಲಸ ಮಾಡುತ್ತಿದ್ದ ಅಂಗಡಿಯಲ್ಲಿಯೇ ಮಾರಾಟಕ್ಕಿಟ್ಟ.

ಕೊಳ್ಳುವವರೂ ಬಂದರು. ೧೯೮೦ರ ಏಪ್ರಿಲಿನಿಂದ 'ಲಾಸ್ ಏಂಜಲೀಸ್ ರೀಡರ್' ಎಂಬ ವಾರಪತ್ರಿಕೆ ಆ ಚಿತ್ರಗಳನ್ನು ಪ್ರಕಟಿಸತೊಡಗಿತು. ಅದೇ ಪತ್ರಿಕೆಯಲ್ಲಿ ಆತ ಮೊಳೆ ಜೋಡಿಸಿದ, ಪತ್ರಿಕೆ ಹಂಚಿದ, ಸಂಗೀತದ ಅಂಕಣವನ್ನೂ ಬರೆದ. ಇಲ್ಲದ ವಾದ್ಯಗೋಷ್ಠಿಗಳನ್ನು ಕಲ್ಪಿಸಿ ಅವುಗಳ ವಿಮರ್ಶೆ ಬರೆದು, ಮುಂದಿನ ವಾರ ಅದೆಲ್ಲ ಸುಳ್ಳೆಂದು ಒಪ್ಪಿಕೊಳ್ಳುತ್ತಿದ್ದನಂತೆ! ಆ ಕಚೇರಿಯಲ್ಲಿಯೇ ಆತನಿಗೆ ಡೆಬೊರಾ ಕ್ಯಾಪ್ಲನ್ ಎಂಬ ಸಹೋದ್ಯೋಗಿಯ ಪರಿಚಯವಾಯಿತು. ಮುಂದೆ ೧೯೮೬ರಲ್ಲಿ ಆಕೆ ಆತನ ಕೈಹಿಡಿದಳು. ವ್ಯವಹಾರಜ್ಞಾನವಿದ್ದ ಆಕೆ ೧೯೮೪ರಲ್ಲಿ ಮೊಲದ ಚಿತ್ರಗಳನ್ನು ಪುಸ್ತಕವಾಗಿ ಹೊರತಂದಳು. ಸಾವಿರಾರು ಪ್ರತಿಗಳು ಮಾರಿಹೋದುವು. ಇಬ್ಬರೂ ಸೇರಿ ಸಣ್ಣ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಒಂದೊಂದಾಗಿ ಊರೂರಿನ ವಾರಪತ್ರಿಕೆಗಳು ಮೊಲವನ್ನು ಬರಮಾಡಿಕೊಂಡುವು. ಕಡೆಗೆ ಅವುಗಳ ಸಂಖ್ಯೆ ೨೫೦ನ್ನು ಮೀರಿತು. ಶ್ರೀಮಂತಿಕೆಯಲ್ಲದಿದ್ದರೂ ಇದು ಮರ್ಯಾದೆಯ ಅನ್ನ. ಅದೂ ಸ್ವಂತ ಗದ್ದೆಯ ಅನ್ನ.

ಮೊಗಸಾಲೆಯ ಹದಿನೈದು ನಿಮಿಷ

ಇಲ್ಲಿಗೆ ಜೇಮ್ಸ್ ಬ್ರೂಕ್ಸ್ ಎಂಬ ಹಾಲಿವುಡ್ಡಿನ ಹೆಸರಾಂತ ನಿರ್ದೇಶಕನ ಪ್ರವೇಶವಾಗುತ್ತದೆ. 'ಟರ್ಮ್ಸ್ ಆಫ್ ಎಂಡಿಯರ್ಮೆಂಟ್' ಚಿತ್ರಕ್ಕಾಗಿ ಆಸ್ಕರ್ ಪಾರಿತೋಷಕಗಳನ್ನು ಪಡೆದವನು ಆತ. ಗ್ರೇನಿಂಗನ ಮೊಲದ ಮೂಲಚಿತ್ರವೊಂದು ಆತನಿಗೆ ಉಡುಗೊರೆಯಾಗಿ ಬಂದಿತ್ತು. ಹಾಲಿವುಡ್ಡಿನ ಸೋಲು ಗೆಲುವುಗಳನ್ನು ಕುರಿತ ಚಿತ್ರವದು. ಫಾಕ್ಸ್ ಸಂಸ್ಥೆಗಾಗಿ ಹೊಸ ನಗೆಕಾರ್ಯಕ್ರಮವೊಂದನ್ನು ಸಿದ್ಧಗೊಳಿಸುವಾಗ ಬ್ರೂಕ್ಸನಿಗೆ ಆ ಚಿತ್ರದ ನೆನಪಾಯಿತು. ನಡುನಡುವೆ ಒಂದೆರಡು ನಿಮಿಷದ ಚಲಿಸುವ ವ್ಯಂಗ್ಯಚಿತ್ರಗಳನ್ನು ಸೇರಿಸಿದರೆ ಹೇಗೆ? ಮೊಲದ ಚಿತ್ರಕಾರನಿಗೆ ಕರೆ ಹೋಯಿತು.

ಗ್ರೇನಿಂಗ್ ಹಿಗ್ಗಿನಿಂದ ಹೋದ. ಕಚೇರಿಯ ಮೊಗಸಾಲೆಯಲ್ಲಿ ಕಾಯುತ್ತ ಕುಳಿತಾಗ ವಿಷಯದ ಮರ್ಮ ಹೊಳೆಯಿತು: ಮೊಲ ತೆರೆಯ ಮೇಲೆ ಬರಬೇಕಾದರೆ ಅದರ ಒಡೆತನವನ್ನು ಸಂಸ್ಥೆಗೆ ಬರೆದುಕೊಡಬೇಕು. ಕಾರ್ಯಕ್ರಮ ಬಿದ್ದುಹೋದರೆ? ಟೆಲಿವಿಷನ್ನೂ ಇಲ್ಲ, ಮೊಲವೂ ಇಲ್ಲ, ವಾರವಾರದ ಅನ್ನವೂ ಇಲ್ಲ!

ಈ ಭಯ ಸುಮ್ಮನೆ ಹುಟ್ಟಿದುದಲ್ಲ. ಅದೇ ಹಾಲಿವುಡ್ಡಿನಲ್ಲಿ ಸುಮಾರು ಅರವತ್ತು ವರ್ಷಗಳ ಹಿಂದೆ ಮತ್ತೊಬ್ಬ ಚಿತ್ರಕಾರ ಮತ್ತೊಂದು ಮೊಲವನ್ನು ಕಳೆದುಕೊಂಡಿದ್ದ. ೧೯೨೮ರ ಮೊದಲ ತಿಂಗಳುಗಳು. ವಾಲ್ಟ್ ಡಿಸ್ನಿ ಎಂಬ ತರುಣ ತನ್ನ ಆಸ್ವಾಲ್ಡ್ ಎಂಬ ಮೊಲದ ಚಿತ್ರಗಳಿಗೆ ಹೆಚ್ಚಿನ ಹಣ ಕೇಳಲು ನ್ಯೂಯಾರ್ಕಿಗೆ ಹೋದ. ಹೆಚ್ಚಿಸುವುದಿರಲಿ, ಇದ್ದುದಕ್ಕಿಂತ ಕಡಿಮೆ ಹಣಕ್ಕೆ ಒಪ್ಪಬೇಕೆಂಬ ಉತ್ತರ ಬಂದಿತು. ಕರಾರಿನ ಪ್ರಕಾರ ಮೊಲ ಯೂನಿವರ್ಸಲ್ ಸಂಸ್ಥೆಯದು. ಆತನ ಚಿತ್ರಕಾರರಲ್ಲಿ ಬಹುಮಂದಿಯನ್ನೂ ಎದುರು ಪಕ್ಷದವರು ಆಗಲೇ ಒಲಿಸಿಕೊಂಡಿದ್ದರು. ಡಿಸ್ನಿ ಬರಿಗೈಯಲ್ಲಿ ಹಿಂದಿರುಗಿದ. ಆ ನಷ್ಟದ ಹೊಟ್ಟೆಯಿಂದಲೇ ಮಿಕ್ಕಿ ಇಲಿ ಹುಟ್ಟಿ ೧೯೨೮ರ ನವೆಂಬರಿನಲ್ಲಿ ಜಗತ್ತಿಗೆ ಕಾಣಿಸಿಕೊಂಡಿತು. ತನ್ನ ಸೃಷ್ಟಿಯ ಒಡೆತನವನ್ನು ಡಿಸ್ನಿ ಮತ್ತೆಂದೂ ಪರರಿಗೆ ಕೊಡಲಿಲ್ಲ.

ಡಿಸ್ನಿ ಮೊಲವನ್ನು ಕಳೆದುಕೊಂಡು ಕಲಿತ ಪಾಠವನ್ನು ಗ್ರೇನಿಂಗ್ ಕಳೆದುಕೊಳ್ಳುವ ಮುನ್ನವೇ ಕಲಿತ. ಆದರೆ ಬಾಗಿಲಿಗೆ ಬಂದ ಭಾಗ್ಯವನ್ನು ಒದೆಯುವಂತೆಯೂ ಇರಲಿಲ್ಲ. ಕರೆ ಬರುವುದರೊಳಗೆ, ಹದಿನೈದು ನಿಮಿಷಗಳಲ್ಲಿ, ಹೊಸದೊಂದು ಸಂಸಾರವನ್ನು ಗೀಚಿದ. ಹೆಸರು ಯೋಚಿಸಲು ವೇಳೆಯೆಲ್ಲಿ? ತಂದೆ, ತಾಯಿ, ತಂಗಿಯರ ಹೆಸರುಗಳನ್ನೇ ಇಟ್ಟ. ಹುಡುಗನಿಗೆ ಮಾತ್ರ ತನ್ನ ಹೆಸರಿಡದೆ, ತುಂಟನೆಂಬ ಅರ್ಥದ ಇಂಗ್ಲಿಷ್ ಪದದ ಅಕ್ಷರಗಳನ್ನು ಹಿಂದುಮುಂದಾಗಿಸಿ ಬಾರ್ಟ್ ಎಂದು ಕರೆದ. ಈ ಸಂಸಾರವನ್ನು ಫಾಕ್ಸ್ ಸಂಸ್ಥೆಗೆ ಬಿಟ್ಟುಕೊಟ್ಟ. ಸೃಷ್ಟಿಕರ್ತನೆಂಬ ಹೆಸರು, ಲಾಭದಲ್ಲಿ ಒಂದು ಪಾಲು, ಇವು ಆತನಿಗೆ ಉಳಿದುವು. ಮೊಲ ಮನೆಯಲ್ಲಿಯೇ ಉಳಿಯಿತು.

ಒರಟು ಗೆರೆ, ಹಳದಿ ಬಣ್ಣ

೧೯೮೭ರ ಏಪ್ರಿಲ್ ೧೯ರಂದು 'ಟ್ರೇಸಿ ಉಲ್ಮನ್ ಶೋ' ಎಂಬ ಕಾರ್ಯಕ್ರಮದಲ್ಲಿ ಸಿಂಪ್ಸನ್ನರು ಮೊದಲು ಕಾಣಿಸಿಕೊಂಡರು. ಗ್ರೇನಿಂಗ್ ಕೊಟ್ಟ ಚಿತ್ರಗಳು ತೀರ ಒರಟಾಗಿದ್ದುವು. ಅನಿಮೇಷನ್ ಮಾಡುವವರು ತಿದ್ದಿ ತೀಡಿ ಅಂದಗೊಳಿಸುತ್ತಾರೆಂಬುದು ಆತನ ನಂಬಿಕೆ. ಅವರೋ ಇದ್ದಂತೆಯೇ ಗೆರೆಯ ಮೇಲೆ ಗೆರೆ ಎಳೆದರು! ಹಳದಿ ಬಣ್ಣ ಗ್ಯೊರ್ಗಿ ಪೆಲೂಚೆ ಎಂಬ ವರ್ಣಕಲಾವಿದೆಯ ಆಯ್ಕೆ. ಗ್ರೇನಿಂಗನಿಗೆ ಅದು ಬಹಳ ಹಿಡಿಸಿತು. ಕಂಡಾಕ್ಷಣವೇ ಇದು ಬೇರೆ ಎಂದು ನೋಡುವವರಿಗೆ ತಿಳಿಯುವಂತಹ ಬಣ್ಣವದು.

ಇಂತಹ ೪೮ ತುಣುಕುಗಳಾದ ಮೇಲೆ ಅರ್ಧ ಗಂಟೆಯ ಸ್ವತಂತ್ರ ಧಾರಾವಾಹಿಗೆ ಅಪ್ಪಣೆ ದೊರೆಯಿತು. ಕಾರ್ಯಕ್ರಮದ ಒಳವಿಷಯದಲ್ಲಿ ಫಾಕ್ಸ್ ಸಂಸ್ಥೆ ಕೈಹಾಕಬಾರದೆಂಬ ಕರಾರನ್ನು ಬ್ರೂಕ್ಸ್ ಬರೆಸಿಕೊಂಡ. ಸ್ಯಾಮ್ ಸೈಮನ್ ಎಂಬ ಅನುಭವಿ ಲೇಖಕ ಕಥೆಗಾರರ ತಂಡವನ್ನು ಕಟ್ಟಿದ. ಎಲ್ಲವೂ ಸಿದ್ಧವಾದಾಗ ಸಿಡಿಲೆರಗಿತು. ದಕ್ಷಿಣ ಕೊರಿಯದಿಂದ ತಯಾರಾಗಿ ಬಂದ ಮೊದಲ ಕಂತನ್ನು ನೋಡಿದವರಿಗೆ ಎದೆ ಒಡೆಯಿತು. ಮನುಷ್ಯರು ರಬ್ಬರಿನಂತೆ ಬಳುಕುತ್ತಿದ್ದರು. ಮನೆಯ ಗೋಡೆಗಳೂ ಬಳುಕುತ್ತಿದ್ದುವು! ಮುಕ್ಕಾಲು ಪಾಲನ್ನು ಮತ್ತೆ ಮಾಡಿಸಬೇಕಾಯಿತು. ಎರಡನೆಯ ಕಂತೂ ಹೀಗೆಯೇ ಬಂದಿದ್ದರೆ ಇಡೀ ಯೋಜನೆ ಅಲ್ಲಿಗೇ ಮುಗಿಯುತ್ತಿತ್ತು. ಅದೃಷ್ಟಕ್ಕೆ ಅದು ಚೆನ್ನಾಗಿತ್ತು. ಶರತ್ಕಾಲದಲ್ಲಿ ಆರಂಭವಾಗಬೇಕಾಗಿದ್ದುದು ಕ್ರಿಸ್ಮಸ್ ಹಬ್ಬದ ಹೊತ್ತಿಗೆ, ೧೯೮೯ರ ಡಿಸೆಂಬರ್ ೧೭ರಂದು, ಆರಂಭವಾಯಿತು.

ಮುಂದಿನ ವರ್ಷ ಅಮೆರಿಕದ ಮಕ್ಕಳ ಮೈಮೇಲೆಲ್ಲ ಬಾರ್ಟನ ಅಂಗಿ. ಕಲಿಯದಿರುವುದೇ ಹೆಮ್ಮೆಯೆಂದು ಸಾರುವ ಆ ಅಂಗಿಗಳನ್ನು ಕೆಲವು ಶಾಲೆಗಳು ನಿಷೇಧಿಸಿದುವು. ನಿಷೇಧದಿಂದ ಮಾರಾಟ ಇನ್ನಷ್ಟು ಏರಿತು. ಮೊದಲ ಹದಿನಾಲ್ಕು ತಿಂಗಳುಗಳಲ್ಲಿ ಸಿಂಪ್ಸನ್ ಸರಕುಗಳ ವ್ಯಾಪಾರ ೨೦೦ ಕೋಟಿ ಡಾಲರುಗಳನ್ನು ಮುಟ್ಟಿತೆಂದು ಪತ್ರಿಕೆಗಳು ವರದಿ ಮಾಡಿದುವು. ಅಧ್ಯಕ್ಷರ ಪತ್ನಿ ಬಾರ್ಬರಾ ಬುಷ್ ಅವರು ಇಂತಹ ಮೂರ್ಖ ಕಾರ್ಯಕ್ರಮವನ್ನು ತಾವು ಕಂಡೇ ಇಲ್ಲವೆಂದು ೧೯೯೦ರಲ್ಲಿ ಜರೆದರು. ಆಗ ನೊಂದ ಗೃಹಿಣಿ ಮಾರ್ಜ್ ಸಿಂಪ್ಸನ್ನಳ ಹೆಸರಿನಲ್ಲಿ ಶ್ವೇತಭವನಕ್ಕೆ ಒಂದು ವಿನಯಪೂರ್ಣ ಪತ್ರ ಹೋಯಿತು. ಬುಷ್ ಅವರೂ ಅಷ್ಟೇ ಸೌಜನ್ಯದಿಂದ ಕ್ಷಮೆ ಕೋರಿ ಉತ್ತರ ಬರೆದರು.

ನಗೆಯ ಲೆಕ್ಕಪತ್ರ

ನಗು ಹಣವಾಗುವ ಬಗೆಯನ್ನು ಸ್ವಲ್ಪ ವಿಚಾರಿಸೋಣ. ಮೊದಲನೆಯದು ಪ್ರಸಾರ ಮಾಡುವ ಜಾಲ ಪ್ರತಿ ಹೊಸ ಕಂತಿಗೆ ಕೊಡುವ ಹಣ. ಅದು ಬಹುಪಾಲು ತಯಾರಿಕೆಯಲ್ಲಿಯೇ ಕರಗುತ್ತದೆ, ಏಕೆಂದರೆ ಕಥೆ ಬರೆದು, ಧ್ವನಿ ಮುದ್ರಿಸಿ, ಚಿತ್ರಕ್ಕೆ ಚಲನೆ ಕೊಟ್ಟು ಮುಗಿಸಲು ಕಂತೊಂದಕ್ಕೆ ಹಲವಾರು ತಿಂಗಳು ಹಿಡಿಯುತ್ತದೆ. ಎರಡನೆಯದು ಮರುಪ್ರಸಾರ. ಕಂತುಗಳು ನೂರರ ಸುಮಾರಿಗೆ ಬಂದರೆ ಊರೂರಿನ ಕೇಂದ್ರಗಳು ಅವನ್ನು ಕೊಂಡು ದಿನನಿತ್ಯ ತೋರಿಸುತ್ತವೆ. ೧೯೯೪ರಲ್ಲಿ ಸಿಂಪ್ಸನ್ನರಿಗೆ ಈ ಬಾಗಿಲು ತೆರೆಯಿತು. ಇಲ್ಲಿ ಹೊಸ ಖರ್ಚಿಲ್ಲ, ಬಂದುದೆಲ್ಲ ಲಾಭ. ೨೦೧೩ರಲ್ಲಿ ಹಳೆಯ ಕಂತುಗಳ ಹಕ್ಕು ಒಂದು ಕೇಬಲ್ ವಾಹಿನಿಗೆ ಹೋದಾಗ ಅದರ ಬೆಲೆಯನ್ನು ಪತ್ರಿಕೆಗಳು ೭೫ ಕೋಟಿ ಡಾಲರುಗಳೆಂದು ಅಂದಾಜು ಮಾಡಿದುವು. ಮೂರನೆಯದು ಅಂಗಿ, ಆಟಿಕೆ, ಪುಸ್ತಕಗಳ ವ್ಯಾಪಾರ. ನಾಲ್ಕನೆಯದು ಸಿನಿಮಾ: ಏಳೂವರೆ ಕೋಟಿ ಡಾಲರು ಖರ್ಚಿನಲ್ಲಿ ೨೦೦೭ರಲ್ಲಿ ತೆಗೆದ ಸಿಂಪ್ಸನ್ ಚಲನಚಿತ್ರ ೫೩ ಕೋಟಿಗೂ ಹೆಚ್ಚು ಗಳಿಸಿತು.

ಇಷ್ಟು ತೊರೆಗಳಿಂದ ಬಂದ ನೀರಿನಲ್ಲಿ ಗ್ರೇನಿಂಗ್, ಬ್ರೂಕ್ಸ್, ಸೈಮನ್ ಈ ಮೂವರಿಗೂ ಪಾಲುಂಟು. ಗ್ರೇನಿಂಗನ ಸಂಪತ್ತನ್ನು ಪತ್ರಿಕೆಗಳು ಹತ್ತಾರು ಕೋಟಿ ಡಾಲರುಗಳೆಂದು ಎಣಿಸುತ್ತವೆ. ಇದು ಸಂಬಳದಿಂದ ಕೂಡಿಸಿದ ಗಂಟಲ್ಲ, ಪಾಲಿನಿಂದ ಬೆಳೆದ ಗಂಟು.

ಪಾಲಿಗೂ ಸಂಬಳಕ್ಕೂ ಇರುವ ಅಂತರವನ್ನು ನೋಡಿ. ಹೋಮರ್, ಮಾರ್ಜ್, ಬಾರ್ಟರಿಗೆ ಧ್ವನಿ ಕೊಡುವ ಪ್ರಧಾನ ನಟರಿಗೆ ೧೯೯೮ರವರೆಗೆ ಕಂತೊಂದಕ್ಕೆ ೩೦,೦೦೦ ಡಾಲರು ದೊರೆಯುತ್ತಿತ್ತು. ಅವರು ಹೆಚ್ಚು ಕೇಳಿದಾಗ ಬೇರೆಯವರನ್ನು ತರುವ ಬೆದರಿಕೆ ಬಂದಿತು. ಜಗ್ಗಾಟದ ಬಳಿಕ ಅದು ೧,೨೫,೦೦೦ಕ್ಕೆ ಏರಿತು. ಮುಂದೆ ೪,೦೦,೦೦೦ದವರೆಗೂ ಹೋಗಿ, ೨೦೧೧ರಲ್ಲಿ ೩,೦೦,೦೦೦ಕ್ಕೆ ಇಳಿಯಿತು. ಬಹು ದೊಡ್ಡ ಮೊತ್ತವೇ ಸರಿ. ಆದರೂ ಅದು ಏರುವುದೂ ಇಳಿಯುವುದೂ ಒಡೆಯನ ಇಚ್ಛೆಯಂತೆ. ಇನ್ನು ಕೊರಿಯದಲ್ಲಿ ಕುಳಿತು ಸಾವಿರಾರು ಚಿತ್ರಗಳನ್ನು ಬರೆದು ಬಣ್ಣ ತುಂಬಿದ ಕೈಗಳಿಗೆ ಕೂಲಿಯುಂಟು, ಪಾಲಿಲ್ಲ. ಈ ವಿಪರ್ಯಾಸವನ್ನು ಧಾರಾವಾಹಿಯೇ ಅಣಕಿಸಿಕೊಂಡಿದೆ. ೨೦೧೦ರ ಅಕ್ಟೋಬರಿನಲ್ಲಿ ಬ್ಯಾಂಕ್ಸಿ ಎಂಬ ಗುಪ್ತನಾಮದ ಗೋಡೆಚಿತ್ರಕಾರ ರಚಿಸಿಕೊಟ್ಟ ಆರಂಭದ ದೃಶ್ಯದಲ್ಲಿ, ಕತ್ತಲ ಕಾರ್ಖಾನೆಯಲ್ಲಿ ಬಾಗಿ ಕುಳಿತು ಸಿಂಪ್ಸನ್ನರನ್ನು ಬರೆಯುವ ಏಷ್ಯದ ಕೆಲಸಗಾರರನ್ನು ತೋರಿಸಲಾಯಿತು.

ಸ್ಪ್ರಿಂಗ್‌ಫೀಲ್ಡಿನಲ್ಲಿ ನಮ್ಮ ದೇಶದವನೂ ಒಬ್ಬನಿದ್ದಾನೆ: ಅಂಗಡಿಯ ಅಪು. ಸತ್ಯಜಿತ್ ರಾಯ್ ಅವರ ಚಿತ್ರತ್ರಯದ ನಾಯಕನ ಹೆಸರನ್ನು ಗೌರವದಿಂದಲೇ ಇಟ್ಟರು. ಆದರೆ ಆತನಿಗೆ ಧ್ವನಿ ಕೊಟ್ಟವನು ಹ್ಯಾಂಕ್ ಅಜೇರಿಯ ಎಂಬ ಅಮೆರಿಕನ್. ಉತ್ಪ್ರೇಕ್ಷೆಯ ಆ ಉಚ್ಚಾರಣೆಯನ್ನು ಅಣಕಿಸಿ ಶಾಲೆಯಲ್ಲಿ ತಮ್ಮನ್ನು ಗೇಲಿ ಮಾಡುತ್ತಿದ್ದರೆಂದು ಭಾರತೀಯ ಮೂಲದ ಅಮೆರಿಕನ್ನರು ದೂರಿದರು. ಹರಿ ಕೊಂಡಬೋಲು ಎಂಬ ಹಾಸ್ಯನಟ ೨೦೧೭ರಲ್ಲಿ ಈ ನೋವನ್ನು ಕುರಿತ ಸಾಕ್ಷ್ಯಚಿತ್ರವನ್ನೇ ಹೊರತಂದ. ೨೦೨೦ರಲ್ಲಿ ಅಜೇರಿಯ ಆ ಪಾತ್ರದಿಂದ ಹಿಂದೆ ಸರಿದ. ನಗೆಯ ಲೆಕ್ಕದಲ್ಲಿ ಜಮೆಯಷ್ಟೇ ಅಲ್ಲ, ಖರ್ಚೂ ಇರುತ್ತದೆ; ಅದನ್ನು ತೆರುವವರು ಹಲವು ವೇಳೆ ಮೂರನೆಯವರು.

ಬಂದ ಹಣದ ದಾರಿ

ಪಾಲುದಾರರಲ್ಲೊಬ್ಬನಾದ ಸ್ಯಾಮ್ ಸೈಮನ್ನನ ಕಥೆ ಮನ ಕರಗಿಸುವಂಥದು. ಯಾರ ಕೊಡುಗೆ ಎಷ್ಟೆಂಬ ವಿಷಯದಲ್ಲಿ ಆತನಿಗೂ ಗ್ರೇನಿಂಗನಿಗೂ ಮನಸ್ತಾಪವಿತ್ತು. ೧೯೯೩ರಲ್ಲಿ ಆತ ಹೊರಬಿದ್ದ. ಆದರೆ ಪಾಲನ್ನು ಉಳಿಸಿಕೊಂಡಿದ್ದ. ಮುಂದಿನ ಇಪ್ಪತ್ತು ವರ್ಷ ಅಲ್ಲಿ ಒಂದು ಸಾಲನ್ನೂ ಬರೆಯದೆ ಪ್ರತಿವರ್ಷ ಕೋಟಿಗಟ್ಟಲೆ ಡಾಲರುಗಳನ್ನು ಪಡೆದ. ಆ ಹಣದಿಂದ ಬೀದಿಪಾಲಾದ ನಾಯಿಗಳನ್ನು ರಕ್ಷಿಸಿ, ಕಿವುಡರಿಗೂ ಗಾಯಾಳು ಸೈನಿಕರಿಗೂ ನೆರವಾಗುವಂತೆ ತರಬೇತು ಮಾಡಿಸಿದ. ಹಸಿದವರಿಗೆ ಅನ್ನ ಹಂಚಿಸಿದ. ೨೦೧೨ರಲ್ಲಿ ಕ್ಯಾನ್ಸರ್ ತಗಲಿ, ಇನ್ನು ಕೆಲವೇ ತಿಂಗಳುಗಳೆಂದು ವೈದ್ಯರು ಹೇಳಿದಾಗ, ಸಂಪತ್ತನ್ನೆಲ್ಲ ದಾನಕ್ಕೇ ಮೀಸಲಿಡಲು ನಿಶ್ಚಯಿಸಿದ. ೨೦೧೫ರ ಮಾರ್ಚಿನಲ್ಲಿ ಕಣ್ಣು ಮುಚ್ಚಿದ.

ಗ್ರೇನಿಂಗನೂ ಕೈ ಬಿಗಿಹಿಡಿದವನಲ್ಲ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಅನಿಮೇಷನ್ ಕಲೆಯ ಅಧ್ಯಯನಪೀಠಕ್ಕೆಂದು ೫,೦೦,೦೦೦ ಡಾಲರು ಕೊಟ್ಟಿದ್ದಾನೆ. ಸಂಪತ್ತು ಬಂದ ಮೇಲೂ ಸುಮ್ಮನೆ ಕೂರಲಿಲ್ಲ. ೧೯೯೩ರಲ್ಲಿ ಚಿತ್ರಕಥಾ ಪುಸ್ತಕಗಳ ಪ್ರಕಾಶನವೊಂದನ್ನು ಸಹಭಾಗಿಗಳೊಡನೆ ಆರಂಭಿಸಿ ಅದಕ್ಕೆ ಒಂಟಿಕಿವಿಯ ಬಾಂಗೊವಿನ ಹೆಸರನ್ನಿಟ್ಟ. ಸಹಸ್ರ ವರ್ಷಗಳಾಚೆಯ ಲೋಕವನ್ನು ಕಲ್ಪಿಸಿದ ಆತನ 'ಫ್ಯೂಚುರಾಮಾ' ೧೯೯೯ರಲ್ಲಿ ಆರಂಭವಾಗಿ, ೨೦೦೩ರಲ್ಲಿ ನಿಂತು, ೨೦೧೦ರಲ್ಲಿ ಮರುಹುಟ್ಟು ಪಡೆದು, ೨೦೧೩ರಲ್ಲಿ ಪುನಃ ನಿಂತು, ೨೦೨೩ರಲ್ಲಿ ಮತ್ತೆ ಎದ್ದಿತು. ಪ್ರತಿ ಸಲವೂ ಕೊಲ್ಲುವ ಹಕ್ಕು, ಬದುಕಿಸುವ ಹಕ್ಕು ಬೇರೆಯವರದಾಗಿದ್ದುವು.

೨೦೧೯ರ ಮಾರ್ಚಿನಲ್ಲಿ ಫಾಕ್ಸ್ ಸಂಸ್ಥೆಯ ಬಹುಭಾಗವೇ ಮಾರಾಟವಾಯಿತು. ಬೆಲೆ ಸುಮಾರು ೭,೧೩೦ ಕೋಟಿ ಡಾಲರು. ಕೊಂಡವರಾರು ಬಲ್ಲಿರಾ? ಮೊಲವನ್ನು ಕಳೆದುಕೊಂಡ ಆ ವಾಲ್ಟ್ ಡಿಸ್ನಿ ಕಟ್ಟಿದ ಸಂಸ್ಥೆ! ತನ್ನ ಸಂಸ್ಥಾಪಕನ ಆಸ್ವಾಲ್ಡನನ್ನೂ ಅದು ೨೦೦೬ರಲ್ಲಿ, ಎಪ್ಪತ್ತೆಂಟು ವರ್ಷಗಳ ಬಳಿಕ, ಮರಳಿ ಪಡೆದಿತ್ತು. ಈಗ ಸಿಂಪ್ಸನ್ ಸಂಸಾರವೂ ಅದೇ ಮನೆ ಸೇರಿತು. ಪೋರ್ಟ್‌ಲೆಂಡಿನ ಒಂದು ಮನೆಯ ತಂದೆ, ತಾಯಿ, ಹೆಣ್ಣುಮಕ್ಕಳ ಹೆಸರುಗಳು ಹೀಗೆ ಒಂದು ಕಂಪೆನಿಯ ಕೈಯಿಂದ ಇನ್ನೊಂದಕ್ಕೆ ದಾಟಿಹೋದುವು. ಆ ವ್ಯಾಪಾರಕ್ಕೆ ಗ್ರೇನಿಂಗನ ಸಹಿ ಬೇಕಾಗಿರಲಿಲ್ಲ. ೨೦೨೫ರಲ್ಲಿ ಸಿಂಪ್ಸನ್ ಧಾರಾವಾಹಿಯನ್ನು ಇನ್ನೂ ನಾಲ್ಕು ಋತುಗಳ ಕಾಲ ಮುಂದುವರಿಸುವುದೆಂದು ನಿಶ್ಚಯವಾದಾಗಲೂ ಆ ನಿಶ್ಚಯ ಒಡೆಯರದೇ ಆಗಿತ್ತು.

ಮೊಲದ ಕಥೆ ಬೇರೆ. ಕೋಟ್ಯಧೀಶನಾದ ಮೇಲೂ ಗ್ರೇನಿಂಗ್ ವಾರಕ್ಕೊಮ್ಮೆ ಕುಳಿತು, ತನ್ನ ಕೈಯಿಂದಲೇ, ಅಲ್ಪ ಸಂಭಾವನೆಯ ಆ ಚಿತ್ರಪಟ್ಟಿಯನ್ನು ಬರೆಯುತ್ತಲೇ ಇದ್ದ. ೧,೬೦೦ಕ್ಕೂ ಹೆಚ್ಚು ಪಟ್ಟಿಗಳಾದ ಮೇಲೆ, ೨೦೧೨ರ ಜೂನ್ ತಿಂಗಳಲ್ಲಿ, ಇನ್ನು ಸಾಕೆನಿಸಿತು, ಲೇಖನಿ ಕೆಳಗಿಟ್ಟ. ನಿಲ್ಲಿಸಬೇಡವೆಂದು ಕರಾರು ತೋರಿಸಿದವರಿಲ್ಲ. ತಾನು ನಿಲ್ಲಿಸಿದುದನ್ನು ಮತ್ತೊಬ್ಬರು ಮುಂದುವರಿಸುವರೆಂಬ ಅಂಜಿಕೆಯೂ ಇರಲಿಲ್ಲ. ಅಂಗಡಿಯ ಮೂಲೆಯಲ್ಲಿ ನಕಲು ಪ್ರತಿಯಾಗಿ ಹುಟ್ಟಿದ ಮೊಲ, ಹುಟ್ಟಿಸಿದವನ ಮನೆಯಲ್ಲಿಯೇ ವಿಶ್ರಾಂತಿ ಪಡೆಯಿತು.